ಮೊದಲು ಗುಂಡು, ಆಮೇಲೆ ಕೂಸು

ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ನಮ್ಮ ಅತ್ತೆ ಐದು ಅನ್ನುತ್ತಾರೆ. ಹೆತ್ತದ್ದು ನಾಲ್ಕು. ಜನಗಣತಿಗೆ ಬಂದ ಮೇಷ್ಟ್ರೊಬ್ಬರು ಭಾಲ್ಕಿಯ ನಮ್ಮ ಪಡಸಾಲೆಯಲ್ಲಿ ಕೂತು, ಚಹಾ ಕುಡಿದು, ನಾಲ್ಕು ಹೆಸರು ಬರೆದುಕೊಂಡು, ಐದನೆಯದಕ್ಕೆ ಪೆನ್ನು ಹಿಡಿದು ಕಾದದ್ದನ್ನು ನಾನೇ ಕಂಡಿದ್ದೇನೆ. ಅತ್ತೆ ಮೂಲೆಯ ಕಡೆ ಕೈ ತೋರಿಸಿದರು. “ಹಿರೇಮಗ ಅಲ್ಲಿ ಕುಂತಾನ ನೋಡ್ರಿ. ಉಣ್ಲಾಕ ಕೇಳೋದಿಲ್ಲ, ಉಡ್ಲಾಕ ಕೇಳೋದಿಲ್ಲ. ಅಂಥ ಮಗ ನಿಮ್ಮ ಮನ್ಯಾಗ ಅದಾನೇನ್ರಿ?” ಮೂಲೆಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ, ಬಟ್ಟೆಯ ಸಿಂಬಿಯ ಮೇಲೆ ಇದ್ದದ್ದು ಒಂದು ಕರಿ ಕಲ್ಲಿನ ಗುಂಡು. ಸುಲಿದ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು. ಒಂದಾನೊಂದು ಕಾಲಕ್ಕೆ ಬೀದರ್ ಕೋಟೆಯ ತೋಪಿಗೆಂದು ಕಡೆದದ್ದು. ಮೇಷ್ಟ್ರು ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದರು. ನಾನು ಒಳಗೆ ಹೋಗಿ ನಕ್ಕೆ.

ಈ ಮನೆಗೆ ಸೊಸೆಯಾಗಿ ಬಂದಾಗ ನಾನು ಇತಿಹಾಸದಲ್ಲಿ ಪದವಿ ಮುಗಿಸಿದ್ದೆ. ಆಮೇಲೆ ಹೈಸ್ಕೂಲಿನಲ್ಲಿ ಅದನ್ನೇ ಕಲಿಸುತ್ತ ತಲೆ ಬೆಳ್ಳಗಾಯಿತು. ಬೀದರಿನ ಇತಿಹಾಸವೆಂದರೆ ಫೌಜಿನ ಇತಿಹಾಸ. ಬಹಮನಿಯವರು ಕೋಟೆ ಕಟ್ಟಿದರು, ಬರೀದಶಾಹಿಯವರು ತೋಪು ಹೊಯ್ಸಿದರು, ವಿಜಾಪುರದವರು ಬಂದರು, ದಿಲ್ಲಿಯ ದಂಡು ಬಂತು, ನಿಜಾಮರು ಬಂದರು, ನಿಜಾಮರ ಬೆನ್ನ ಹಿಂದೆ ಇಂಗ್ಲಿಷರ ಪಲ್ಟನ್ನೂ ಬಂತು. ಯಾರು ಕಟ್ಟಿಸಿದರು, ಯಾರು ಗೆದ್ದರು, ಪರೀಕ್ಷೆಯಲ್ಲಿ ಕೇಳುವುದೂ ಅಷ್ಟೇ, ಮಕ್ಕಳು ಬರೆಯುವುದೂ ಅಷ್ಟೇ. ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಾಗ ಅತ್ತೆ ಪಕ್ಕದಲ್ಲಿ ಹೆಸರುಬೇಳೆ ಆರಿಸುತ್ತ, “ಎಲ್ಲಾರೂ ಕಟ್ಟಿಸಿದವರೇ. ಹೊತ್ತವರು ಯಾರೂ ಇಲ್ಲೇನು ನಿಮ್ಮ ಪುಸ್ತಕದಾಗ?” ಅಂತ ಚುಚ್ಚುತ್ತಿದ್ದರು.

ಅವರಿಗೆ ಆ ಮಾತು ಆಡುವ ಹಕ್ಕು ಇತ್ತು. ನಮ್ಮ ಮನೆತನದ ಮೂಲ ಔರಾದ ತಾಲೂಕಿನಲ್ಲಿ, ಠಾಣಾ ಕುಶನೂರದ ಹತ್ತಿರದ ಒಂದು ಹಳ್ಳಿ. ಬೀದರ್ ಕೂತಿರುವುದು ಕೆಂಪು ಕಲ್ಲಿನ ಮೇಲೆ. ಆ ಕಲ್ಲು ಗೋಡೆಗೆ ಸರಿ, ತೋಪಿನ ಗುಂಡಿಗೆ ಆಗಿಬರುವುದಿಲ್ಲ, ಪುಡಿಯಾಗುತ್ತದೆ. ಗುಂಡಿಗೆ ನಮ್ಮ ಕಡೆಯ ಕರಿ ಕಲ್ಲೇ ಬೇಕು. ಕಡೆದ ಗುಂಡುಗಳನ್ನು ಅಲ್ಲಿಂದ ಕೋಟೆಗೆ ಮುಟ್ಟಿಸುವ ಬಿಟ್ಟಿ ಚಾಕರಿ ನಮ್ಮ ಹಿರಿಯರ ಪಾಲಿನದು. ದೊಡ್ಡವು ಬಂಡಿಯ ಮೇಲೆ, ಸಣ್ಣವು ತಲೆಯ ಮೇಲೆ. ಕೋಟೆ ಮುಟ್ಟಿದ ಮೇಲೂ ಬಿಡುಗಡೆಯಿಲ್ಲ. ಬುರುಜಿಗೆ ತೋಪು ಏರಿಸುವಾಗ ಹಗ್ಗ ಜಗ್ಗಲಿಕ್ಕೂ ಇವರೇ. ಇದೆಲ್ಲ ಎಲ್ಲಿಯೂ ಬರೆದಿಟ್ಟದ್ದಲ್ಲ, ಮನೆಯಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಇತಿಹಾಸ ಓದಿದವಳಾಗಿ ನಾನು ಯಾವಾಗಲೂ ಒಂದು “ಅಂತೆ” ಸೇರಿಸುತ್ತಿದ್ದೆ. ಅತ್ತೆಗೆ ಆ “ಅಂತೆ” ಕಂಡರೆ ಆಗುತ್ತಿರಲಿಲ್ಲ.

ಈ ಒಂದು ಗುಂಡು ಮನೆಯಲ್ಲಿ ಉಳಿದ ಕಥೆಯೂ ಚಂದ. ಯಾವ ಕಾಲದ್ದೋ, ಒಬ್ಬ ಮುತ್ತಾತ ಇದನ್ನು ಹೊತ್ತು ಬೀದರಿಗೆ ಒಯ್ದ. ಒಂದು ಕಡೆ ಕೊಂಚ ಚಪ್ಪಟೆಯಾಗಿದೆ, ತೋಪಿನ ಬಾಯಿಗೆ ಕೂಡುವುದಿಲ್ಲ ಎಂದು ಅಲ್ಲಿಯವರು ನಿರಾಕರಿಸಿದರು. ಕಂದಕಕ್ಕೆ ಎಸೆದು ಬರಬಹುದಿತ್ತು. ಆ ಮಹಾರಾಯ ಎಸೆಯಲಿಲ್ಲ. ಇಷ್ಟು ದೂರ ಹೊತ್ತ ಮೇಲೆ ಇದು ನನ್ನದು ಅಂತ ಅಷ್ಟು ದಾರಿ ವಾಪಸ್ಸು ಹೊತ್ತು ತಂದ. ನಾನು ಮೊದಲ ಸಲ ಕೇಳಿದಾಗ, ಎಂಥ ಹಟಮಾರಿ ಅನಿಸಿತ್ತು. ಈಗ ಅವನ ಮೇಲೆ ಪ್ರೀತಿಯೇ ಬಂದಿದೆ. ಯಾರ ಮೇಲೂ ಹಾರದ ಗುಂಡು ಅದು, ಯಾರ ಗೋಡೆಯನ್ನೂ ಒಡೆಯಲಿಲ್ಲ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ದಿನ, ಅದಕ್ಕೂ ಮೊದಲು ಖಾರ ಅರೆಯುವ ಗುಂಡನ್ನು ಮಲಗಿಸುವ ರೂಢಿಯಿದೆ. ನಮ್ಮ ಮನೆಯಲ್ಲಿ ಆ ಜಾಗ ತೋಪಿನ ಗುಂಡಿನದು. ತೊಲೆಗೆ ಹೊಸ ಹಗ್ಗ ಕಟ್ಟಿ ತೊಟ್ಟಿಲು ಇಳಿಬಿಡುತ್ತಾರೆ. ಗುಂಡನ್ನು ತೊಳೆದು, ಅರಿವೆ ಸುತ್ತಿ, ಕೂಸಿನ ಟೊಪ್ಪಿಗೆಯಾದ ಕುಲಾಯಿಯನ್ನು ಹಾಕಿ, ಮಲಗಿಸಿ ತೂಗುತ್ತಾರೆ. ಭಾರಕ್ಕೆ ಹಗ್ಗ ಕಿರ್ರ್ ಎಂದು ನಡುಗುತ್ತದೆ. ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಆ ಸದ್ದಿಗೆ ನಾನು ಬೆಚ್ಚಿದ್ದೆ. “ನಡುಗಲಿ ಬಿಡು” ಅಂದಿದ್ದರು ಅತ್ತೆ. “ಭಾರ ಹಿಡಿದ ಹಗ್ಗ ನಡುಗ್ತದ. ಹರೀಬಾರದು, ಅಷ್ಟೇ.” ಆಮೇಲೆ ಗುಂಡನ್ನು ತೆಗೆದು ಅದೇ ಜಾಗದಲ್ಲಿ ಕೂಸನ್ನು ಮಲಗಿಸುತ್ತಾರೆ. ಹಾಗಾಗಿ ಮನೆಯ ಎಲ್ಲ ಮಕ್ಕಳಿಗೂ ಗುಂಡು ಅಣ್ಣ. ಅತ್ತೆಯ ಐದರ ಲೆಕ್ಕ ಅಲ್ಲಿಂದ ಬಂದದ್ದು.

ಕುಲಾಯಿ ಹೊಲಿಯುವವರು ಪಕ್ಕದ ಮನೆಯ ಮುಸ್ಲಿಂ ಅಜ್ಜಿ, ನಾವೆಲ್ಲ ಖಾಲಾ ಎನ್ನುವವರು. ಅವರ ಹಿರಿಯರು ಅದೇ ಕೋಟೆಯಲ್ಲಿ ಗೋಲಂದಾಜರು, ಅಂದರೆ ತೋಪಿಗೆ ಬತ್ತಿ ಹಚ್ಚುವವರು. ಖಾಲಾ ಹೊಲಿಗೆ ಹಿಡಿದು ನಮ್ಮ ಕಟ್ಟೆಗೆ ಬಂದರೆಂದರೆ ಇಬ್ಬರು ಮುದುಕಿಯರ ನಡುವೆ ಹಳೆಯ ಯುದ್ಧ ಹೊಸದಾಗಿ ಶುರು. “ನಮ್ಮವರು ಬೆವರು ಸುರಿಸಿ ಹೊತ್ತು ತಂದು ಕೊಡ್ತಿದ್ರು. ನಿಮ್ಮವರು ಒಂದೇ ಸಲ ಢಂ ಅನ್ನಿಸಿ ಕಳಕೊಂಡು ಕೂಡ್ತಿದ್ರು” ಎಂದು ಅತ್ತೆ. “ನಕ್ಕೊ ಬಾಯಿ, ಹಾಂಗ ಅನಬ್ಯಾಡ. ನಿಮ್ಮವರದ್ದು ಕುತ್ತಿಗಿ ಹೋಯ್ತು, ನಮ್ಮವರದ್ದು ಕಿವಿ ಹೋಯ್ತು. ಬಾದಶಾಹಗ ಏನು ಹೋಯ್ತು?” ಎಂದು ಖಾಲಾ. ಇಬ್ಬರೂ ಸೇರಿ ಬಾದಶಹನನ್ನು ಬೈದು ಎಲೆ ಅಡಿಕೆ ಹಾಕಿಕೊಂಡರೆ ಅವತ್ತಿನ ಯುದ್ಧ ಮುಗಿಯಿತು. ನಾನು ತರಗತಿಯಲ್ಲಿ ಒಂದು ವಾರ ಹೇಳಿದರೂ ಇಷ್ಟು ಚೆನ್ನಾಗಿ ಹೇಳಲಾರೆ.

ಗುಂಡಿಗೆ ಮನೆಯಲ್ಲಿ ಒಬ್ಬ ವೈರಿಯೂ ಇದ್ದರು. ಅತ್ತೆಯ ಎರಡನೇ ಮಗ, ಅಂದರೆ ನಮ್ಮ ಮನೆಯವರು. ಮಾವನವರ ಕಾಲದಲ್ಲೇ ಮನೆತನ ಬೌದ್ಧ ಧರ್ಮಕ್ಕೆ ಬಂದಿತ್ತು. ಜಗುಲಿಯ ಮೇಲಿನ ದೇವರು ದಿಂಡರು ಎಲ್ಲ ಇಳಿದು ಹೋಗಿ, ಬುದ್ಧನ ಮೂರ್ತಿ ಒಂದೇ ಉಳಿದಿತ್ತು. ಅತ್ತೆಯೇ ಮುಂದೆ ನಿಂತು ಅವನ್ನು ಇಳಿಸಿದವರು. ಹಾಗಿದ್ದೂ ಗುಂಡು ಮೂಲೆ ಬಿಟ್ಟು ಕದಲಲಿಲ್ಲ. “ಕಲ್ಲಿಗೆ ಟೊಪ್ಪಿಗಿ ಹಾಕಿ ತೂಗೋದು ಮೂಢನಂಬಿಕಿ ಅಲ್ಲೇನವ್ವಾ?” ಎಂದು ನಮ್ಮವರು ಪ್ರತಿ ಹೆರಿಗೆಗೊಮ್ಮೆ ಹಾರಾಡುತ್ತಿದ್ದರು. ಅತ್ತೆ ಉತ್ತರ ಕೊಡುವ ಗೋಜಿಗೆ ಹೋಗದೆ ಹಗ್ಗ ಹೊಸೆಯಲು ಕೂಡುತ್ತಿದ್ದರು. ನಮ್ಮವರು ಪಶು ಆಸ್ಪತ್ರೆಯ ನೌಕರಿಯಿಂದ ನಿವೃತ್ತರಾದರೂ ಈ ಜಗಳ ನಿವೃತ್ತಿಯಾಗಲಿಲ್ಲ.

ಹೀಗಿರುವಾಗ ಹೋದ ವರ್ಷ ಬೀದರಿನಿಂದ ಪುರಾತತ್ವ ಇಲಾಖೆಯ ಒಬ್ಬ ಅಧಿಕಾರಿ ಬಂದರು. ಮೈಸೂರು ಕಡೆಯ ಹುಡುಗ, ಮೆಲ್ಲಗೆ ಮಾತಾಡುವವರು. ಕೋಟೆಯಲ್ಲಿ ಫೌಜಿನ ವಸ್ತುಗಳ ಒಂದು ಪ್ರದರ್ಶನ ಮಾಡಬೇಕು, ಸುತ್ತಲ ಊರುಗಳ ಮನೆಗಳಲ್ಲಿ ಏನೇನು ಉಳಿದಿದೆ ನೋಡುತ್ತಿದ್ದೇನೆ ಎಂದರು. ಇತಿಹಾಸದ ಟೀಚರ್ ಎಂದು ಯಾರೋ ನನ್ನ ಮನೆ ತೋರಿಸಿದ್ದರು. ಆದರೆ ಬಂದ ಕ್ಷಣವೇ ಅವರ ಕಣ್ಣು ನನ್ನ ಪುಸ್ತಕದ ಕಪಾಟಿನ ಮೇಲೆ ಬೀಳದೆ ಭರಣಿಯ ಪಕ್ಕಕ್ಕೆ ಬಿತ್ತು.

“ಅಜ್ಜಿ, ಇದಕ್ಕೆ ಪೂಜೆ ಮಾಡ್ತೀರಾ?” ಎಂದು ಕೇಳಿದರು.

ನಮ್ಮವರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅತ್ತೆ ಶುರುಮಾಡಿದರು.

“ಪೂಜಿ ಗೀಜಿ ಏನಿಲ್ರಿ. ಹಗ್ಗ ನೋಡ್ತೇವಿ.”

“ಹಗ್ಗ?”

“ಹೂಂ ಮತ್ತ. ನಮ್ಮವರು ತೋಪು ಎಳಿವಾಗ ಹೊಸ ಹಗ್ಗ ಬಂತಂದ್ರ ಮೊದಲ ಅದಕ್ಕ ಕಲ್ಲು ಕಟ್ಟಿ ಜಗ್ಗಿ ನೋಡ್ತಿದ್ರಿ. ಕಲ್ಲು ತಾಳಿದ್ರ ಆಮ್ಯಾಲ ಮನುಷ್ಯಾ. ಹಗ್ಗ ಹರೀತಂದ್ರ ಮ್ಯಾಲ ನಿಂತ ಸರದಾರಗ ಏನೂ ಆಗೋದಿಲ್ಲ, ಕೆಳಗ ನಿಂತವನ ಎದಿ ಮ್ಯಾಲ ತೋಪು ಬರ್ತದ. ತೊಟ್ಟಿಲನೂ ಹಗ್ಗದ ಮ್ಯಾಲೇ ಇರ್ತದಲ್ರಿ? ಅದಕ್ಕ ಮೊದಲ ಗುಂಡು, ಆಮ್ಯಾಲ ಕೂಸು. ಭಾರ ಹೊರಿಸಿ ನೋಡದ ಹಗ್ಗ ನಮ್ಮವರು ನಂಬೋದಿಲ್ರಿ.”

ಅಧಿಕಾರಿಯ ಕೈಯಲ್ಲಿದ್ದ ಚಹಾ ಆರುತ್ತಿತ್ತು. ನಮ್ಮವರ ಮುಖ ನೋಡುವಂತಿತ್ತು. ಆಯುಷ್ಯವೆಲ್ಲ ಜಗಳಾಡಿದ್ದು ಒಂದು ಹಗ್ಗದ ಪರೀಕ್ಷೆಯ ಮೇಲೆ! “ಅವ್ವಾ, ಇಷ್ಟು ದಿನ ಇದನ್ನ ಯಾಕ ಹೇಳಲಿಲ್ಲ?” ಎಂದರು.

“ನೀ ಎಲ್ಲಿ ಕೇಳಿದಿ? ಬರೇ ಭಾಷಣ ಮಾಡಿದಿ.”

ಅವತ್ತು ನನಗೆ ಆ ಕಲ್ಲಿನ ಮೇಲೆ, ಅದನ್ನು ಹೊತ್ತವರ ಮೇಲೆ ಹುಟ್ಟಿದ ಗೌರವವನ್ನು ಹೇಗೆ ಹೇಳಲಿ? ಕೋಟೆಯ ಗೋಡೆ ಎಷ್ಟು ದಪ್ಪ, ತೋಪು ಎಷ್ಟು ಉದ್ದ ಎಂದು ಕಲಿಸುತ್ತ ಬಂದವಳು ನಾನು. ಅದರ ಕೆಳಗೆ ನಿಂತು ಹಗ್ಗ ಜಗ್ಗಿದವನಿಗೆ ತನ್ನ ಜೀವ ತಾನೇ ಕಾಯ್ದುಕೊಳ್ಳುವ ಬುದ್ಧಿ ಇತ್ತು, ಆ ಬುದ್ಧಿಯನ್ನು ಅವನು ಮಕ್ಕಳ ತೊಟ್ಟಿಲಿಗೂ ತಂದ. ರಾಜರು ಹೋದರು, ತೋಪುಗಳಿಗೆ ತುಕ್ಕು ಹಿಡಿಯಿತು, ಈ ಬುದ್ಧಿ ಮಾತ್ರ ನಮ್ಮ ತೊಲೆಗೆ ತೂಗಿಕೊಂಡು ಉಳಿಯಿತು. ನಾನು ಅವತ್ತಿನಿಂದ “ಅಂತೆ” ಬಿಟ್ಟೆ.

ಅಧಿಕಾರಿ ಗುಂಡನ್ನು ಪ್ರದರ್ಶನಕ್ಕೆ ಕೊಡುತ್ತೀರಾ ಎಂದು ಅಂಜುತ್ತಲೇ ಕೇಳಿದರು. ಅತ್ತೆ ಇಲ್ಲ ಅನ್ನುತ್ತಾರೆ ಎಂದುಕೊಂಡಿದ್ದೆ. “ಕೊಡ್ತೇನಿ” ಅಂದುಬಿಟ್ಟರು. “ಕೋಟ್ಯಾಗ ರಾಜನ ಕತ್ತಿ ಅದ, ರಾಜನ ತೋಪು ಅದ. ನಮ್ಮದೊಂದು ಇರಲಿ. ಆದ್ರ ಅದರ ಕೆಳಗ, ಇದು ಹೊತ್ತವರ ಮನಿಂದ ಬಂದದ್ದು ಅಂತ ಬರೀಬೇಕ್ರಿ. ಮತ್ತ ಇನ್ನೊಂದು. ನನ್ನ ಮೊಮ್ಮಗಳು ಬಸರಿ ಅದಾಳ. ಆಕಿ ಕೂಸು ತೊಟ್ಟಿಲಿಗಿ ಬೀಳಲಿ. ಮರುದಿನ ಗುಂಡು ನಿಮ್ಮದು.” ಹುಡುಗ ಎರಡಕ್ಕೂ ಒಪ್ಪಿ, ಕೈ ಮುಗಿದು ಹೋದರು. ಪ್ರದರ್ಶನ ಶುರುವಾಗುವ ದಿನಕ್ಕೂ ನನ್ನ ಮಗಳ ಹೆರಿಗೆಗೂ ನಡುವೆ ಬೇಕಾದಷ್ಟು ಸಮಯವಿತ್ತು.

ಸಮಯ ನಮ್ಮ ಮಾತು ಕೇಳಬೇಕಲ್ಲ. ಬಾಣಂತನಕ್ಕೆಂದು ಕಲಬುರಗಿಯಿಂದ ಬಂದ ಮಗಳಿಗೆ ತಿಂಗಳು ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಭಾಲ್ಕಿಯಿಂದ ಬೀದರಿನ ಆಸ್ಪತ್ರೆಗೆ ಒಯ್ದೆವು. ಹೆಣ್ಣು ಕೂಸು. ನನ್ನ ಅಂಗೈಯಿಂದ ಮೊಳಕೈವರೆಗೂ ಬರುತ್ತಿರಲಿಲ್ಲ. ಕಿವಿಯ ತೊಗಲು ಈರುಳ್ಳಿ ಸಿಪ್ಪೆಯಷ್ಟು ತೆಳುವು. ಗಾಜಿನ ಪೆಟ್ಟಿಗೆಯಲ್ಲಿ, ದೀಪದ ಬಿಸಿಯಲ್ಲಿ ಇಟ್ಟರು. ಉಳಿಯುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನೋಡೋಣ ಅಂದರು. ಆ “ನೋಡೋಣ” ಕೇಳಿದಾಗ ನನಗೆ ಆ ಡಾಕ್ಟರ ಮೇಲೆ, ದೀಪದ ಮೇಲೆ, ಗಾಜಿನ ಮೇಲೆ ಎಲ್ಲದರ ಮೇಲೂ ಸಿಟ್ಟು ಬಂತು.

ಕೆಲ ದಿನ ಕಳೆದು ಕೂಸು ಪೆಟ್ಟಿಗೆಯಿಂದ ಹೊರಬರುವಷ್ಟು ಚೇತರಿಸಿಕೊಂಡಿತು. ಆಗ ನರ್ಸು ಒಂದು ಹೊಸ ಕೆಲಸ ಹೇಳಿದರು. ಕೂಸನ್ನು ಯಾರಾದರೂ ಎದೆಗೆ ಎದೆ ತಾಗಿಸಿ, ಅರಿವೆ ಕಟ್ಟಿಕೊಂಡು, ತಾಸುಗಟ್ಟಲೆ ಕೂಡಬೇಕು. ಮೈಶಾಖವೇ ಔಷಧ. ಮಗಳು ಕೂತಳು. ಅವಳು ದಣಿದಾಗ ನಾನು ಕೂತೆ. ಆ ಪುಟ್ಟ ಎದೆ ನನ್ನ ಎದೆಯ ಮೇಲೆ ಗುಬ್ಬಿಯಂತೆ ಬಡಿದುಕೊಳ್ಳುತ್ತಿತ್ತು. ಇನ್ನೊಬ್ಬರು ಬೇಕಾಗಿತ್ತು. ಸುದ್ದಿ ಕೇಳಿ ಅತ್ತೆ ಮೊದಲ ಬಸ್ಸಿಗೆ ಬಂದಿಳಿದರು. ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಕೈ ತೊಳೆದು, “ಕೊಡ್ರಿ, ನಾ ಹಿಡೀತೇನಿ” ಎಂದು ಕೈ ಚಾಚಿದರು.

ನರ್ಸು ಆ ಕೈ ನೋಡಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಎಂಬತ್ತು ದಾಟಿದ ಕೈ. ನಾವು ಮನೆಯವರು ದಿನವೂ ನೋಡಿ ನೋಡಿ, ಅದು ನಮಗೆ ಕಾಣುವುದೇ ನಿಂತಿತ್ತು.

“ಬ್ಯಾಡ್ರಿ ಆಯಿ” ಅಂದರು ನರ್ಸು, ಕೆಟ್ಟದಾಗಿ ಅಲ್ಲ. “ಕೈ ನಡುಗ್ಲತಾವ. ಕೂಸು ಭಾಳ ಸಣ್ಣದು. ಜಾರಿದ್ರ ಹ್ಯಾಂಗ?”

ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು. ಗಾಜಿನ ಬಾಗಿಲಾಚೆಯಿಂದ ಸ್ವಲ್ಪ ಹೊತ್ತು ನೋಡಿ, ಸಂಜೆಯ ಬಸ್ಸಿಗೆ ಭಾಲ್ಕಿಗೆ ಹೋದರು. ನರ್ಸು ಹೇಳಿದ್ದು ಸುಳ್ಳಲ್ಲ, ಆದರೆ ಆ ಕೈಗಳ ಕಥೆ ಅವರಿಗೆ ಗೊತ್ತಿರಲಿಲ್ಲ. ಅತ್ತೆಯ ಅಪ್ಪ ಇಂಗ್ಲಿಷರ ಕಾಲದಲ್ಲಿ ಬೀದರಿನಲ್ಲಿ ವಿಮಾನ ಇಳಿಯಲು ನೆಲ ಸಮ ಮಾಡುವಾಗ ಬುಟ್ಟಿ ಹೊತ್ತವರು. ಅತ್ತೆ ಸ್ವತಃ, ಬೆನ್ನಿಗೆ ಮಗನನ್ನು ಕಟ್ಟಿಕೊಂಡು, ಅಣೆಕಟ್ಟೆಯ ಕೆಲಸದಲ್ಲಿ ಮಣ್ಣು ಹೊತ್ತವರು. ಆ ಮಗನೇ ಓದಿ ಪಶು ವೈದ್ಯನಾದದ್ದು, ಆ ಮನೆಗೇ ನಾನು ಟೀಚರಮ್ಮ ಎನಿಸಿಕೊಂಡು ಬಂದದ್ದು. ನಮ್ಮನ್ನೆಲ್ಲ ಹೊತ್ತ ಕೈಗೆ ಒಂದು ಕೂಸು ಹೊರಲು ಬರುವುದಿಲ್ಲ ಎಂದಾಯಿತು.

ಅಷ್ಟರಲ್ಲಿ ಪ್ರದರ್ಶನದ ದಿನ ಹತ್ತಿರ ಬಂತು. ಅಧಿಕಾರಿ ಫೋನು ಮಾಡಿ, ಕೂಸಿನ ವಿಷಯ ಗೊತ್ತಾಯಿತು, ಅವಸರವೇನೂ ಇಲ್ಲ, ಗುಂಡಿನ ಜಾಗ ಖಾಲಿ ಬಿಟ್ಟಿರುತ್ತೇವೆ, ನಿಮ್ಮ ಕಾರ್ಯ ಮುಗಿದ ಮೇಲೆ ಕೊಡಿ ಎಂದರು. ಅದಕ್ಕಿಂತ ಒಳ್ಳೆಯ ಮಾತು ಬೇಕೆ? ನಾನು ಖುಷಿಯಿಂದ ಅತ್ತೆಗೆ ಹೇಳಿದೆ.

“ಬ್ಯಾಡ. ನಾಳೆ ಒಯ್ತೇನಿ” ಅಂದರು.

“ಕೂಸು ಇನ್ನೂ ತೊಟ್ಟಿಲಿಗೆ ಬಿದ್ದಿಲ್ಲಲ್ರಿ ಅತ್ತಿ?”

“ಗೊತ್ತದ. ನಾಳೆ ಒಯ್ತೇನಿ. ನಾನೇ ಒಯ್ತೇನಿ.”

ನನಗೆ ರೇಗಿತು. ಮೂಢನಂಬಿಕೆ ಎಂದು ಹಾರಾಡುತ್ತಿದ್ದ ನಮ್ಮವರೇ ಈಗ, “ಇರಲಿ ಅವ್ವಾ, ಕೂಸು ಬಂದ ಮ್ಯಾಲ ತೂಗಿ ಕೊಡೋಣು” ಎಂದು ಗೋಗರೆಯುತ್ತಿದ್ದರು. ಗುಂಡಿನ ಪರವಾಗಿ ಅವರು, ವಿರುದ್ಧವಾಗಿ ಅತ್ತೆ! ಒಂದು ಮಾತು ಕೊಟ್ಟದ್ದಕ್ಕೆ ಮನೆಯ ರೂಢಿಯನ್ನೇ ಬಿಡುವುದೆ? ಎಷ್ಟು ತಲೆಮಾರಿನ ಮಕ್ಕಳಿಗೆ ಸಿಕ್ಕದ್ದು ಈ ಕೂಸಿಗೆ ಮಾತ್ರ ಬೇಡವೆ? ನರ್ಸಿನ ಮೇಲಿನ ಸಿಟ್ಟನ್ನು ಕೂಸಿನ ಮೇಲೆ ತೀರಿಸಿಕೊಳ್ಳುತ್ತಿದ್ದಾರೆಯೇ ಎಂದೂ ಅನಿಸಿತು. ಖಾಲಾ ಮಾತ್ರ ವಾದಕ್ಕೆ ಇಳಿಯಲಿಲ್ಲ. ಹೊಸ ಕುಲಾಯಿ ಹೊಲಿದು ತಂದು, ಗುಂಡಿನ ತಲೆಗೆ ಹಾಕಿ, ದಾರ ಕಟ್ಟಿ, “ಜಾ ಬೇಟಾ, ಘರ್ ಜಾ” ಎಂದು ಅದರ ಬೆನ್ನು ಸವರಿದರು. ಹೋಗು ಮಗನೇ, ಮನೆಗೆ ಹೋಗು ಅಂತ.

ಮರುದಿನ ಬೀದರ್ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಗುಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಕುಲಾಯಿ ನೋಡಿ ಪಕ್ಕದ ಸೀಟಿನ ಹೆಂಗಸು ಕೂಸೆಂದೇ ತಿಳಿದು, “ಮಲಗ್ಯಾದೇನ್ರಿ?” ಎಂದು ಕೇಳಿದಳು. “ಹೂಂ, ಭಾಳ ದಿನದಿಂದ” ಅಂದರು ಅತ್ತೆ. ಅಷ್ಟು ಸಿಟ್ಟಿನಲ್ಲೂ ನನಗೆ ನಗು ಬಂತು.

ಕೋಟೆಯ ಬಾಗಿಲಲ್ಲಿ ಅಧಿಕಾರಿ ಕಾಯುತ್ತಿದ್ದರು. ಗುಂಡನ್ನು ಒಯ್ಯಲು ಕೆಲಸದವರನ್ನೂ ನಿಲ್ಲಿಸಿದ್ದರು. ಅತ್ತೆ ಯಾರಿಗೂ ಕೊಡಲಿಲ್ಲ. ನಮ್ಮವರು ಕೈ ಚಾಚಿದರೆ ಗದರಿದರು. ಗುಂಡನ್ನು ಎದೆಗೆ ಅವುಚಿಕೊಂಡು, ಒಂದಾದ ಮೇಲೊಂದು ಬಾಗಿಲು ದಾಟಿ, ಏರು ಹತ್ತಲು ಶುರುಮಾಡಿದರು. ಎರಡು ಕಡೆಯೂ ಕೆಂಪು ಗೋಡೆ. ಕಾಲಡಿ ಕುದುರೆ, ಆನೆ, ತೋಪಿನ ಗಾಡಿ ತುಳಿದು ಸವೆದ ಹಾಸುಗಲ್ಲು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಗೋಡೆಗೆ ಬೆನ್ನು ಆನಿಸಿ ಉಸಿರು ತೆಗೆದುಕೊಳ್ಳುತ್ತಿದ್ದರು. ತೋಳು ಭುಜದವರೆಗೂ ನಡುಗುತ್ತಿತ್ತು.

“ಸ್ವಲ್ಪ ಕೆಳಗ ಇಡ್ರಿ ಅತ್ತಿ, ಕೈ ಆರಲಿ” ಎಂದೆ. ನನ್ನ ದನಿಯಲ್ಲಿ ಸಿಟ್ಟು ಹೋಗಿ ಅಂಜಿಕೆ ಬಂದಿತ್ತು.

“ಕೆಳಗ ಇಟ್ರ ಲೆಕ್ಕಕ್ಕ ಬರೋದಿಲ್ಲ” ಅಂದರು.

ಏನು ಲೆಕ್ಕ ಎಂದು ಕೇಳುವಷ್ಟರಲ್ಲಿ ತರಬೇತಿಯ ವಿಮಾನವೊಂದು ಕೋಟೆಯ ಮೇಲಿಂದ ಗುಡುಗುತ್ತ ಹೋಯಿತು. ಬೀದರಿನವರಿಗೆ ಅದು ದಿನದ ಸದ್ದು. ಯಾರೂ ತಲೆ ಎತ್ತುವುದಿಲ್ಲ. ಅತ್ತೆ ಎತ್ತಿದರು. “ನಮ್ಮಪ್ಪ ಸಮ ಮಾಡಿದ ನೆಲದಿಂದ ಹಾರ್ಲತಾರ” ಎಂದು ಅಧಿಕಾರಿಗೆ ಹೇಳಿ, ಮತ್ತೆ ಹೆಜ್ಜೆ ಇಟ್ಟರು. ಹಿಂದೆ ಬರುತ್ತಿದ್ದ ನನಗೆ ಅವರ ಹಿಮ್ಮಡಿ ಮಾತ್ರ ಕಾಣುತ್ತಿತ್ತು, ಬಿರುಕು ಬಿಟ್ಟ ಹಿಮ್ಮಡಿ. ಇದೇ ಏರಿನಲ್ಲಿ ಇದೇ ಕಲ್ಲು ಹೊತ್ತು ಒಬ್ಬ ಮುತ್ತಾತ ಹತ್ತಿದ್ದ, ಬೇಡ ಎನಿಸಿಕೊಂಡು ಇಳಿದಿದ್ದ. ಅವನ ಮನೆಯ ಸೊಸೆಗೆ ಈಗ ಅಧಿಕಾರಿಯೇ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಡೆಯುತ್ತಿದ್ದರು. ನನಗೆ ಹೆಮ್ಮೆಯಿಂದ ಎದೆ ತುಂಬಿತು, ಅದನ್ನು ಮುಚ್ಚಿಡುವುದು ಯಾಕೆ?

ಒಳಗಿನ ಹಳೆಯ ಕೋಣೆಯಲ್ಲಿ, ಕತ್ತಿ ಗುರಾಣಿಗಳ ಸಾಲಿನ ಕೊನೆಗೆ, ಒಂದು ಖಾಲಿ ಪೀಠ ಇತ್ತು. ಅತ್ತೆ ಗುಂಡನ್ನು ಅದರ ಮೇಲೆ ಇಟ್ಟರು. ಚಪ್ಪಟೆಯ ಕಡೆ ಕೆಳಗೆ ಮಾಡಿದ್ದರಿಂದ ಉರುಳದೆ ಕೂತಿತು. ಕುಲಾಯಿಯ ದಾರ ಬಿಚ್ಚಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡರು. ಪೀಠದ ಮೇಲಿನ ಹಲಗೆಯಲ್ಲಿ ಏನಿದೆ ಓದು ಎಂದರು. “ತೋಪಿನ ಗುಂಡು. ಹೊತ್ತವರ ಮನೆಯಿಂದ ಬಂದದ್ದು” ಎಂದು ಓದಿದೆ. ತಲೆಯಾಡಿಸಿದರು. ಅಧಿಕಾರಿ ಫೋಟೊ ತೆಗೆಯೋಣ, ಚಹಾ ತರಿಸಿದ್ದೇನೆ ಎಂದರು. ಅತ್ತೆ ಆಗಲೇ ಬಾಗಿಲ ಹತ್ತಿರ ಇದ್ದರು.

“ಚಹಾ ಆಮ್ಯಾಲ್ರಿ ಸಾಹೇಬ್ರ. ದವಾಖಾನಿಗಿ ಹೋಗಬೇಕು. ಕೈ ಆರೋದ್ರಾಗ ಹೋಗಬೇಕು.”

ಆಟೋದಲ್ಲಿ ಅತ್ತೆ ಎರಡೂ ಕೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಿದ್ದರು. ಗುಂಡಿನ ಕರಿ ಧೂಳು ಅಂಗೈಗೆ ಮೆತ್ತಿತ್ತು. ಆಸ್ಪತ್ರೆಯಲ್ಲಿ ಸೋಪು ಹಚ್ಚಿ ಮೊಳಕೈವರೆಗೆ ತೊಳೆದರು, ನಾನು ತಂದಿದ್ದ ಒಗೆದ ಸೀರೆ ಉಟ್ಟರು. ಒಳಗೆ ಅದೇ ನರ್ಸು ಇದ್ದರು. ಮಗಳು ಕೂಸನ್ನು ಎದೆಗೆ ಕಟ್ಟಿಕೊಂಡು ಕೂತಲ್ಲೇ ತೂಕಡಿಸುತ್ತಿದ್ದಳು. ಅತ್ತೆ ನರ್ಸಿನ ಮುಂದೆ ನಿಂತು ಕೈ ಚಾಚಿದರು. ಕೈ ಅವತ್ತಿಗಿಂತ ಹೆಚ್ಚು ನಡುಗುತ್ತಿತ್ತು.

“ಆಯಿ, ನಾ ಹೇಳಿದ್ನಲ್ರಿ” ಎಂದರು ನರ್ಸು.

“ಹೇಳಿದಿ ಯವ್ವಾ. ನೀ ಹೇಳಿದ್ದು ಖರೇ ಅದ. ನನಗೂ ನನ್ನ ಕೈ ಮ್ಯಾಲ ನಂಬಿಕಿ ಇದ್ದಿದ್ದಿಲ್ಲ. ಅದಕ್ಕ ಮೊದಲ ಗುಂಡು ಹೊತ್ತು ನೋಡ್ದೆ. ಭಾಲ್ಕಿಯಿಂದ ತಂದು ಕೋಟಿ ಹತ್ತಿ ಇಟ್ಟು ಬಂದೀನಿ, ನಡುವ ಎಲ್ಲೂ ಕೆಳಗ ಇಟ್ಟಿಲ್ಲ. ಬೇಕಾದ್ರ ಈಕಿಗಿ ಕೇಳು.” ನನ್ನ ಕಡೆ ಗದ್ದ ತೋರಿಸಿದರು. “ನಡುಗ್ತಾವ ಯವ್ವಾ. ಆದ್ರ ಬಿಡೋದಿಲ್ಲ.”

ಆಗ ನನಗೆ ಲೆಕ್ಕ ಗೊತ್ತಾಯಿತು. ಬಾಯಿಗೆ ಸೆರಗು ಇಟ್ಟುಕೊಂಡರೂ ಅಳು ನಿಲ್ಲಲಿಲ್ಲ. ಮಗಳು ಎಚ್ಚರಾಗಿ, “ಕೊಡ್ರಿ ಸಿಸ್ಟರ್, ನಮ್ಮ ಆಯಿಗಿ ಕೊಡ್ರಿ” ಅಂದಳು.

ನರ್ಸು ಬೆನ್ನಿಗೆ ಆಸರೆ ಇರುವ ಕುರ್ಚಿ ಎಳೆದು ಅತ್ತೆಯನ್ನು ಕೂಡಿಸಿದರು. ಕೂಸನ್ನು ತೆಗೆದು ಆ ಎದೆಯ ಮೇಲೆ ಮಲಗಿಸಿ, ಅರಿವೆ ಸುತ್ತಿ ಕಟ್ಟಿ, ಪಕ್ಕದಲ್ಲೇ ನಿಂತರು. ಅತ್ತೆಯ ಎರಡೂ ಅಂಗೈ ಆ ಪುಟ್ಟ ಬೆನ್ನನ್ನು ಪೂರ್ತಿ ಮುಚ್ಚಿದವು. ನಡುಕಕ್ಕೆ ಅರಿವೆ ಸಣ್ಣಗೆ ಅಲುಗುತ್ತಿತ್ತು. ಆ ಅಲುಗಿನಲ್ಲಿ, ತೂಗಿದ ತೊಟ್ಟಿಲಲ್ಲಿ ಮಲಗುವ ಹಾಗೆ, ಕೂಸು ನಿದ್ದೆ ಹೋಯಿತು.